ಕಾಲು ತಾಗಿದರೆ

ಕಾಲನ್ನು ಆದಷ್ಟು ಮಡಚಿ ಮರೆಯಲ್ಲಿಟ್ಟುಕೊಳ್ಳುವುದೇ ಸಭ್ಯತೆಯೆಂದು ನಂಬಿ ನಾನು ಮುದುಕನಾದೆ. ಅಂಥವನನ್ನು ಕಾಲಿನ ಉಪಾಧ್ಯಾಯನನ್ನಾಗಿ ಮಾಡಿದ್ದು ಭಗವಂತನ ವಿನೋದವಲ್ಲದೆ ಬೇರೇನು?

ಕೊಡಿಯಾಲ್‌ಬೈಲಿನ ಶಾಲೆಯೊಂದರಲ್ಲಿ ನಾನು ಸಂಸ್ಕೃತ ಪಂಡಿತ. ಡ್ರಿಲ್ ಮಾಸ್ತರರು ಕೆಲಸ ಬಿಟ್ಟು ಮದರಾಸಿಗೆ ಹೋದಾಗ, ಸಂಜೆ ಬಿಡುವಾಗಿರುವವನು ನಾನೊಬ್ಬನೇ ಎಂಬ ಕಾರಣಕ್ಕೆ ಚಿಕ್ಕ ಹುಡುಗರ ಫುಟ್‌ಬಾಲ್ ತಂಡ ನನ್ನ ಪಾಲಿಗೆ ಬಂತು. ಅದು ಸೋಲುತ್ತಲೇ ಇದ್ದ ತಂಡ. ವರ್ಷದ ಕೊನೆಯ ಪಂದ್ಯವನ್ನೂ ಸೋತರೆ ತಂಡವನ್ನು ಮುಚ್ಚಿ ಆ ಹೊತ್ತನ್ನು ಗಣಿತಕ್ಕೆ ಕೊಡುವೆನೆಂದು ಹೆಡ್‌ಮಾಸ್ತರರು ಸಾರಿದ್ದರು. ಅದನ್ನು ಕೇಳಿದ ಹುಡುಗರು, ಯಮಲೋಕದ ಬಾಗಿಲಲ್ಲಿ ನಿಂತವರಂತೆ ನನ್ನ ಮುಖ ನೋಡಿದರು.

ಆಟದ ನಿಯಮಗಳನ್ನು ಶಾಸ್ತ್ರದಂತೆಯೇ ಅಧ್ಯಯನ ಮಾಡಿದೆ. ವಿಧಿ, ನಿಷೇಧ, ದಂಡನೆ ಎಲ್ಲವೂ ಕ್ರಮವಾಗಿದ್ದವು. ಆಫ್‌ಸೈಡ್ ಮಾತ್ರ ಬ್ರಹ್ಮಜ್ಞಾನದ ಹಾಗೆ. ತಿಳಿಯಿತೆಂದುಕೊಂಡ ಕ್ಷಣದಲ್ಲೇ ಜಾರಿಹೋಗುತ್ತದೆ. ಒಂದು ಕೊರತೆಯನ್ನು ನಾನೇ ತುಂಬಿದೆ. ಬರಿಗಾಲಿನಲ್ಲಿ ಆಡುವ ಮಕ್ಕಳು; ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಕಲಿಸಿದೆ. ನಾಯಕನಾದ ಫೆಲಿಕ್ಸ್ ಇದನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಕಲಿತು, ಕೊನೆಗೆ ಒಂದು ಶಿಲುಬೆಯ ಗುರುತನ್ನೂ ಸೇರಿಸಿಕೊಂಡ. ನಾನು ಆಕ್ಷೇಪಿಸಲಿಲ್ಲ; ಭಕ್ತಿ ಅಧಿಕವಾದರೆ ದೋಷವಿಲ್ಲ.

ದೋಷವಿದೆಯೆಂದು ತಿಳಿದದ್ದು ಅತ್ತಾವರದ ಹುಡುಗರೊಡನೆ ಆಡಿದ ಆ ಕೊನೆಯ ಪಂದ್ಯದಲ್ಲಿ. ನಮ್ಮವರು ಬಾಗಿ ಕಣ್ಣಿಗೊತ್ತಿಕೊಳ್ಳುವಷ್ಟರಲ್ಲಿ ಅವರು ಚೆಂಡನ್ನು ಗೋಲಿಗೆ ಮುಟ್ಟಿಸುತ್ತಿದ್ದರು. ಬೇಲಿಯ ಬಳಿ ನಿಂತಿದ್ದ ನಮ್ಮ ತಂಡದ ಸಂಜೀವನ ತಂದೆ ತಡೆಯಲಾರದೆ ಹೇಳಿದರು: “ಇದು ಎಂತ ಪಂಡಿತರೇ, ಆಟವಾ ಆರಾಧನೆಯಾ? ಚೆಂಡಿಗೂ ಕಾಲು ತಾಗ್ತಾ ಉಂಟಲ್ಲ, ಅದಕ್ಕೂ ಒಂದು ನಮಸ್ಕಾರ ಮಾಡಿಸಿ ಮಾರಾಯ್ರೆ.”

ಅರ್ಧ ಆಟ ಮುಗಿದಾಗ ನಾವು ಎರಡು ಗೋಲು ಹಿಂದಿದ್ದೆವು. ಗಣಿತವು ಗೋಲುಕಂಬದಾಚೆ ಕಾದು ನಿಂತಂತಿತ್ತು. ಆಪತ್ಕಾಲಕ್ಕೆ ಬೇರೆಯೇ ಧರ್ಮವಿದೆಯೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಮಸ್ಕಾರಗಳನ್ನೆಲ್ಲ ಆಟ ಮುಗಿದ ಮೇಲೆ ಒಟ್ಟಿಗೆ ಮಾಡಿರೆಂದೆ.

“ಅಷ್ಟರವರೆಗೆ ಪಾಪ ಯಾರ ಲೆಕ್ಕಕ್ಕೆ ಮಾಸ್ಟ್ರೇ?” ಎಂದು ಫೆಲಿಕ್ಸ್ ಕೇಳಿದ.

“ನನ್ನ ಲೆಕ್ಕಕ್ಕೆ.”

ಪಾಪವು ಇನ್ನೊಬ್ಬರ ತಲೆಗೆ ಎಂದು ಖಚಿತವಾದ ಮೇಲೆ ಮನುಷ್ಯನಿಗೆ ಎಂಥ ಉತ್ಸಾಹ ಬರುತ್ತದೆಂಬುದನ್ನು ಅಂದು ಕಂಡೆ. ಮೂರು ಗೋಲು ಹೊಡೆದು ಗೆದ್ದರು. ಸೀಟಿ ಊದಿದ ಮೇಲೆ ನಮಸ್ಕಾರ ಯಾರಿಗೂ ನೆನಪಾಗಲಿಲ್ಲ. ಹೆಗಲಿನಿಂದ ಯಾವಾಗಲೋ ಹಾರಿಹೋದ ಶಲ್ಯವನ್ನು ಮೈದಾನದ ನಡುವೆ ಹುಡುಕುತ್ತಿದ್ದ ನನಗೂ ಆಗಲಿಲ್ಲ. ಗಣಿತಕ್ಕೆ ಬೇರೆ ಹೊತ್ತು ನೋಡುವೆನೆಂದು ಹೆಡ್‌ಮಾಸ್ತರರು ತಣ್ಣಗೆ ಹೇಳಿ ಹೋದರು.

ಮರುದಿನ ಬೆಳಿಗ್ಗೆ ಅಷ್ಟೂ ಪಾಪವನ್ನು ಹೊತ್ತು ದೇವರೆದುರು ಕುಳಿತೆ. ಇಷ್ಟು ವರ್ಷ ಮೋಕ್ಷವೊಂದನ್ನೇ ಬೇಡಿದವನು ನಾನು. ಅಂದು ಕೈ ಮುಗಿದಾಗ ಬಾಯಿಗೆ ಬಂದದ್ದು, ಎಡಗಾಲಿನಲ್ಲಿ ಚೆನ್ನಾಗಿ ಒದೆಯಬಲ್ಲ ಒಬ್ಬ ಹುಡುಗನನ್ನು ಕರುಣಿಸು ಎಂಬ ಪ್ರಾರ್ಥನೆ. ಮೋಕ್ಷಕ್ಕೆ ಸದ್ಯಕ್ಕೆ ಅವಸರವಿಲ್ಲ.