ಗಾಜಿಗೆ ಹತ್ತಿದ ತಲೆಯೆಣ್ಣೆ

ಬೀದಿಯ ಮಕ್ಕಳೆಲ್ಲ ಅವರನ್ನು ಕತ್ತರಿ ಮಾವ ಎಂದು ಕರೆಯುತ್ತಿದ್ದರು. ಆ ಮಕ್ಕಳ ಅಪ್ಪಂದಿರೂ ಹಾಗೆಯೇ ಕರೆಯುತ್ತಿದ್ದರು, ಏಕೆಂದರೆ ಅವರ ತಲೆಗೂ ಮೊದಲ ಕತ್ತರಿ ಇಟ್ಟವರು ಇವರೇ. ಹಾಗಾಗಿ ಅವರ ಹೆಂಡತಿ ಕತ್ತರಿ ಅತ್ತೆಯಾದರು. ಕತ್ತರಿ ಹಿಡಿಯುವುದು ಮಾವ, ಹರಿತ ಮಾತ್ರ ಅತ್ತೆಯ ನಾಲಿಗೆ ಎಂದು ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತವರು ನಗುತ್ತಿದ್ದರು. "ಮೊಂಡು ಕತ್ತರಿ ಕೂದ್ಲು ಕೀಳತ್ತೆ, ಕತ್ತರಿಸಲ್ಲ ಕಣ್ರೋ" ಎಂದು ಮಾವ ಹೆಂಡತಿಯ ಪರ ವಹಿಸಿ, ಹಾಗೆಂದವನ ತಲೆಯನ್ನು ಸ್ವಲ್ಪ ಜೋರಾಗಿಯೇ ಬಗ್ಗಿಸುತ್ತಿದ್ದರು.

ಅವರ ಮನೆಯ ಮುಂದಿನ ಕೋಣೆಗೆ ಬೀದಿಯತ್ತ ಒಂದು ದೊಡ್ಡ ಕಿಟಕಿ. ತೆರೆಯಲು ಬಾರದ, ಒಂದೇ ಹಾಸಿನ ಗಾಜು. ಅದನ್ನು ಒರೆಸುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟವರಲ್ಲ. "ಕೂಲಿ ಕೊಟ್ಟು ಒರೆಸಿದ ಗಾಜಲ್ಲಿ ಬೇರೆಯವರ ಬೀದಿ ಕಾಣತ್ತೆ" ಎನ್ನುತ್ತಿದ್ದರು. ಒರೆಸಿದ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಲೆ ವಾಲಿಸಿ, ಮೊಸರಿನಲ್ಲಿ ಕಲ್ಲು ಹುಡುಕುವವರ ಹಾಗೆ ಗೆರೆ ಹುಡುಕುತ್ತಿದ್ದರು. ಹಾಗೆ ಹುಡುಕುತ್ತಿದ್ದಾಗಲೇ ಒಂದು ದಿನ ಒದ್ದೆ ನೆಲದ ಮೇಲೆ ಸ್ಟೂಲು ಜಾರಿ, ಬಿದ್ದು, ತೊಡೆಯ ಮೂಳೆ ಮುರಿದುಕೊಂಡರು.

ಆಸ್ಪತ್ರೆಯಿಂದ ಬಂದವರಿಗೆ ಮಾವ ಆ ಕಿಟಕಿಯ ಪಕ್ಕದಲ್ಲೇ ಮಂಚ ಹಾಕಿಸಿದರು. ಸ್ಟೂಲನ್ನು ಯಾರಿಗೋ ದಾನ ಮಾಡಿಬಿಟ್ಟರು. ತಿಂಗಳುಗಳು ಕಳೆದವು. ಡಾಕ್ಟರು ಹೊಸ ಎಕ್ಸ್‌ರೇ ನೋಡಿ, "ಮೂಳೆ ಕೂಡಿದೆ. ಇನ್ನು ಎದ್ದು ಓಡಾಡಲೇಬೇಕು. ಹೀಗೇ ಮಲಗಿದ್ರೆ ಕಾಲು ಸೋತು ಹೋಗತ್ತೆ, ಆಮೇಲೆ ನನ್ನ ಕೈಲೂ ಆಗಲ್ಲ" ಎಂದು ಖಡಾಖಂಡಿತವಾಗಿ ಹೇಳಿದರು. ಅತ್ತೆ ಹೂಂ ಎಂದರು, ಏಳಲಿಲ್ಲ. ಬಿದ್ದ ಭಯ ಮೂಳೆಗಿಂತ ಆಳಕ್ಕೆ ಇಳಿದಿತ್ತು. ಬೀದಿಯನ್ನೆಲ್ಲ ಹೆದರಿಸುತ್ತಿದ್ದ ಹೆಂಗಸು ಈಗ ಮಂಚದಿಂದ ಕಾಲು ಕೆಳಗಿಡಲು ಹೆದರುತ್ತಿದ್ದರು. ತಂದಿಟ್ಟ ವಾಕರ್ ಮೇಲೆ ಅಂಗಡಿಯ ಟವೆಲ್ಲುಗಳು ಒಣಗುತ್ತಿದ್ದವು.

ಮಾವನಿಗೆ ಬಲವಂತ ಮಾಡಲು ಮನಸ್ಸು ಬಾರದು. ತಮಗೆ ಬಂದದ್ದನ್ನು ಮಾಡಿದರು, ಕಿಟಕಿ ಒರೆಸಿದರು. ದಿನಾ ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ, ಅಂಗಡಿಯಲ್ಲಿ ಕೂದಲಿಗೆ ನೀರು ಚಿಮುಕಿಸುವಂಥದೇ ಒಂದು ಬಾಟಲಿ, ಹಳೆ ಪೇಪರು, ಹಕ್ಕಿ ಹಿಕ್ಕೆ ಕೆರೆಯಲು ಅರ್ಧ ಬ್ಲೇಡು. ಒಳಗೊಂದು ಸಲ, ಹೊರಗೊಂದು ಸಲ. ಅತ್ತೆ ದಿಂಬಿಗೊರಗಿ, "ಅಲ್ಲಲ್ಲ, ಮೇಲೆ! ನಿಮ್ಮ ಗಿರಾಕಿ ಕಿವಿ ಹಿಂದೆ ಬಿಟ್ಟಂಗೆ ಮೂಲೇಲಿ ಬಿಟ್ಟಿದೀರಿ" ಎಂದು ಬೈಯುತ್ತಿದ್ದರು. ಬೈದಷ್ಟೂ ಮಾವನಿಗೆ ಸಮಾಧಾನ. ಬೈಯುವ ಶಕ್ತಿ ಇರುವವಳು ಎಲ್ಲಿ ಹೋದಾಳು ಎಂದುಕೊಳ್ಳುತ್ತಿದ್ದರು. ಗಾಜು ತಿಳಿನೀರಾಯಿತು. ಯಾರ ಮನೆಗೆ ಯಾರು ಬಂದರು, ಯಾರ ಚೀಲದಲ್ಲಿ ಏನಿತ್ತು, ಎಲ್ಲವೂ ಮಂಚಕ್ಕೇ ಬಂತು. ಎದ್ದು ಹೋಗಿ ನೋಡಬೇಕಾದದ್ದು ಒಂದೂ ಉಳಿಯಲಿಲ್ಲ. ಇದು ಮಾವನಿಗೆ ಹೊಳೆಯಲೇ ಇಲ್ಲ. ಪ್ರೀತಿ ಇರುವ ಕಡೆ ಬುದ್ಧಿ ಸ್ವಲ್ಪ ತಡವಾಗಿ ಬರುತ್ತದೆ.

ಒಂದು ದಿನ ಅಂಗಡಿಯ ಮುಂದೆ ಮದುಮಗನೊಬ್ಬ ಬೆಳಕು ಹರಿಯುವ ಮೊದಲೇ ಬಂದು ಕೂತ. ಮಾವ ಆತುರಾತುರವಾಗಿ ಕಿಟಕಿ ಮುಗಿಸಿದರು. ಹೊರಗಿನ ಬದಿ ಒರೆಸುವಾಗ ಪೇಪರು ತೀರಿಹೋಯಿತು, ಹೆಗಲ ಮೇಲಿನ ಟವೆಲ್ಲಿನಿಂದ ನಾಲ್ಕು ಸಲ ತಿಕ್ಕಿ ಓಡಿದರು. ಹಿಂದಿನ ಸಂಜೆ ಒಬ್ಬ ಗಿರಾಕಿಯ ತಲೆಗೆ ಎಣ್ಣೆ ಹಾಕಿ ತಟ್ಟಿ, ಕೈ ಒರೆಸಿಕೊಂಡದ್ದು ಅದೇ ಟವೆಲ್ಲಿಗೆ. ಮಬ್ಬುಗತ್ತಲಲ್ಲಿ ಗಾಜಿನ ಮೇಲೆ ಏನೂ ಕಾಣಲಿಲ್ಲ.

ಮಧ್ಯಾಹ್ನ ಊಟಕ್ಕೆ ಹಿತ್ತಲ ಬಾಗಿಲಿಂದ ಬಂದ ಮಾವ ಕೋಣೆಗೆ ಕಾಲಿಟ್ಟರು. ಮಂಚ ಖಾಲಿ. ಒಣಹಾಕಿದ್ದ ಟವೆಲ್ಲುಗಳೆಲ್ಲ ನೆಲದ ಮೇಲಿದ್ದವು, ವಾಕರ್ ಇರಲಿಲ್ಲ. "ಎಲ್ಲಿದೀಯೇ?" ಎಂದು ಅಡುಗೆಮನೆಗೆ ಓಡಿದರು, ಬಚ್ಚಲಿಗೆ ಓಡಿದರು, ಮತ್ತೆ ಕೋಣೆಗೆ ಬಂದರು. ಆಗ ಯಾರೋ ಮಬ್ಬಾದ ಗಾಜನ್ನು ಹೊರಗಿನಿಂದ ಟಕಟಕ ಬಡಿದರು.

ಅತ್ತೆ ಹೊರಗೆ, ಬೀದಿಯಲ್ಲಿ, ಎರಡು ಕಾಲಿನ ಮೇಲೆ ನಿಂತಿದ್ದರು. ಒಂದು ಕೈ ವಾಕರ್ ಮೇಲೆ, ಇನ್ನೊಂದರಲ್ಲಿ ಉಂಡೆ ಮಾಡಿದ ಪೇಪರು. ಮುಖವೆಲ್ಲ ಬೆವರು.

"ಗಾಜಿಗೆ ತಲೆಯೆಣ್ಣೆ ಹಚ್ಚಿದೀರಲ್ರೀ!" ಗಾಜಿನಾಚೆಯಿಂದಲೂ ದನಿ ಸ್ಪಷ್ಟವಾಗಿ ಕೇಳಿಸಿತು. "ಬಿಸಿಲು ಬಿದ್ದಿದ್ದೇ ತಡ, ಕಾಮನಬಿಲ್ಲು ಎದ್ದಿದೆ! ಬೆಳಿಗ್ಗೆಯಿಂದ ಒಂದು ನರಪಿಳ್ಳೆ ನೆಟ್ಟಗೆ ಕಾಣ್ಲಿಲ್ಲ. ಪಕ್ಕದ ಮನೆಯವಳನ್ನ ಕೂಗಿದೆ, ಇಲ್ಲ. ನೋಡೋವರೆಗೂ ನೋಡಿದೆ. ಎದ್ದು ಒಳಗಡೆ ಒರೆಸಿದೆ, ಹೋಗ್ಲಿಲ್ಲ. ನೋಡಿದ್ರೆ ಎಣ್ಣೆ ಹೊರಗಿಂದು!"

ಮಾವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಷ್ಟು ದಿನ ತಾನು ಗಾಜು ಒರೆಸಿ ಒರೆಸಿ ಇವಳನ್ನು ಮಂಚಕ್ಕೆ ಅಂಟಿಸುತ್ತಿದ್ದೆ ಎಂದು ಅಲ್ಲೇ ಹೊಳೆಯಿತು. ಅತಿಯಾದರೆ ಅಮೃತವೂ ವಿಷ ಎಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ ಮನುಷ್ಯ, ತನ್ನ ಮನೆಗೆ ಅದನ್ನು ಹೇಳಿಕೊಂಡಿರಲಿಲ್ಲ.

ಬಾಗಿಲಿಗೆ ಧಾವಿಸಿದರು. ಅತ್ತೆ ಅಷ್ಟರಲ್ಲಿ ಗಾಜು ಬಿಟ್ಟು ಮೆಟ್ಟಿಲ ಬಳಿ ಬಂದಿದ್ದರು. ಕಾಲು ಗಡಗಡ ನಡುಗುತ್ತಿತ್ತು.

"ನಿಲ್ಲು, ನಿಲ್ಲು, ಬಂದೆ. ನಾನು ಹಿಡ್ಕೋತೀನಿ."

"ಬೇಡ ಕಣ್ರೀ." ಈ ಸಲ ದನಿಯಲ್ಲಿ ಹರಿತ ಇರಲಿಲ್ಲ. "ನೀವು ಹಿಡ್ಕೊಂಡ್ರೆ ನಾನು ಬಿಟ್ಬಿಡ್ತೀನಿ."

ಮಾವ ಹೊಸ್ತಿಲಲ್ಲೇ ನಿಂತರು. ಬದುಕಿಡೀ ಕೈ ಆಡಿಸಿಯೇ ಅನ್ನ ತಿಂದವರಿಗೆ ಆ ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಬೆನ್ನ ಹಿಂದೆ ಒಂದರಲ್ಲೊಂದು ಬಿಗಿಯಾಗಿ ಹಿಡಿದುಕೊಂಡರು. ಅತ್ತೆ ವಾಕರ್ ಎತ್ತಿ ಮೆಟ್ಟಿಲ ಮೇಲಿಟ್ಟರು, ಒಂದು ಕಾಲು ಇಟ್ಟರು, ಉಸಿರು ಬಿಟ್ಟರು, ಇನ್ನೊಂದನ್ನು ಎಳೆದುಕೊಂಡರು. ಮತ್ತೊಂದು ಮೆಟ್ಟಿಲು. ಮಾವ ಜೀವ ಬಿಗಿಹಿಡಿದು ನೋಡಿದರು. ಅತ್ತೆ ಹೊಸ್ತಿಲು ದಾಟಿ, ಅವರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, "ದಾರಿ ಬಿಡಿ, ಕಂಬದ ಥರ ನಿಂತಿದೀರಿ" ಎಂದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಗಾಜಿನ ಮೇಲೆ ಧೂಳು ಕೂತಿತ್ತು. ಮಾವ ಅದನ್ನು ನೋಡಿದರು. ಬಾಟಲಿಯನ್ನೂ ಪೇಪರನ್ನೂ ಮಂಚದಿಂದ ಕೈಗೆಟುಕದಷ್ಟು ದೂರದಲ್ಲಿ ಇಟ್ಟು, ಒರೆಸದೆ ಅಂಗಡಿಗೆ ಹೋದರು.