ಒಂದೇ ಹೆಸರಿನ ಆಂಟಿ

ಎಂಟರ್ ಕೀಲಿಯನ್ನು ಅವರು ಒತ್ತುತ್ತಿರಲಿಲ್ಲ, ಗುದ್ದುತ್ತಿದ್ದರು. ಬಲಗೈ ಮುಷ್ಟಿ ಬಿಗಿದು, ಗೆಣ್ಣಿನಿಂದ, ಬೆಳ್ಳುಳ್ಳಿ ಜಜ್ಜುವ ಹಾಗೆ. ಕೀಲಿಯ ಮೇಲಿನ ಬಾಣದ ಗುರುತು ಎಂದೋ ಅಳಿಸಿಹೋಗಿತ್ತು. ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನ ಆ ಕ್ಲಿನಿಕ್ಕಿನ ಬಾಗಿಲು ತೆರೆದರೆ ಮೊದಲು ಕೇಳುತ್ತಿದ್ದುದು ಮಕ್ಕಳ ಅಳುವಲ್ಲ, ಬಿಲ್ಲಿಂಗ್ ಮೇಜಿನ ಆ 'ಧಡ್'.

ಎಲ್ಲರಿಗೂ ಅವರು ಆಂಟಿ. ನಮ್ಮವರು ಹಾಗೆ ಕರೆಯುವುದು ಸರಿ, ಇಲ್ಲಿಯ ಮೂಲನಿವಾಸಿ ಮಾವೋರಿ ಅಜ್ಜಂದಿರೂ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದರು. ಹಿರಿಯರನ್ನು ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ, ಈಗಲೂ ಕರೆಯುವುದಿಲ್ಲ. ಆದರೆ ಈ ಕತೆಯೆಲ್ಲ ಅವರ ಹೆಸರಿನದೇ.

ಮಂಡ್ಯದ ಕಡೆಯವರು. ಮೈಸೂರಿನಲ್ಲಿ ನರ್ಸಿಂಗ್ ಓದಿ, ಇಲ್ಲಿಯ ವಾರ್ಡುಗಳಲ್ಲಿ ದುಡಿದು, ಸೊಂಟ ಕೈಕೊಟ್ಟ ಮೇಲೆ ಬಿಲ್ಲಿಂಗ್ ಮೇಜಿಗೆ ಬಂದು ಕೂತಿದ್ದರು. ಬಾಯಿ ಜೋರು. 'ಆಗಕ್ಕಿಲ್ಲ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮಧ್ಯಾಹ್ನ ಸ್ಟಾಫ್ ರೂಮಿನ ಮೈಕ್ರೋವೇವಿನಲ್ಲಿ ಉಪ್ಸಾರು ಬಿಸಿ ಮಾಡುವಾಗ ಯಾರಾದರೂ ಮೂಗು ಮುರಿದರೆ, ಮರುದಿನ ಅವರಿಗೂ ಒಂದು ಡಬ್ಬಿ ತಂದು ತಿನ್ನಿಸಿಯೇ ಬಿಡುತ್ತಿದ್ದರು. ಹೊಸ ರೋಗಿ ಬಂದರೆ "ಸೇ ಇಟ್ ಅಗೇನ್, ಲವ್" ಎಂದು ಹೆಸರನ್ನು ಅವರ ಬಾಯಿಂದ ಮತ್ತೆ ಮತ್ತೆ ಹೇಳಿಸಿ, ತಾವೂ ಹೇಳಿ, ಸರಿಯಾಗಿ ಬಂದ ಮೇಲೆಯೇ ಕೂರಲು ಬಿಡುತ್ತಿದ್ದರು. ಬೆನ್ನು ನೋವೆಂದು ಬಂದವರೂ ನಿಂತೇ ಪಾಠ ಹೇಳಬೇಕಿತ್ತು.

ನಾನು ಅಲ್ಲಿಗೆ ಹೋದದ್ದು ಕ್ಲಿನಿಕ್ಕಿನ ಬಿಲ್ಲಿಂಗ್ ಸಾಫ್ಟ್‌ವೇರನ್ನು ಹೊಸ ಸರ್ವರಿಗೆ ಸಾಗಿಸಲು. ಹಳೆಯ ಸರ್ವರ್ ಉಗ್ರಾಣದಲ್ಲಿ ಬ್ಯಾಂಡೇಜು ಪೆಟ್ಟಿಗೆಗಳ ಪಕ್ಕ ಕೂತು ಏದುಸಿರು ಬಿಡುತ್ತಿತ್ತು. ಈ ದೇಶಕ್ಕೆ ಬಂದ ಮೇಲೆ ನನ್ನ ಮೊದಲ ಕೆಲಸ, ವೀಸಾ ಕೂಡ ಅದಕ್ಕೇ ಅಂಟಿಕೊಂಡಿತ್ತು. ಕೆಳಗಿನವರಿಗೆ 'ಹೌದು' ಎಂಬುದೊಂದೇ ಉತ್ತರ ಎಂದು ಆಕ್ಲೆಂಡಿನಲ್ಲಿದ್ದ ನನ್ನ ಮ್ಯಾನೇಜರ್ ನಂಬಿದ್ದರು. ನಾನೂ ಹಾಗೇ ನಂಬಿಕೊಂಡಿದ್ದೆ.

ತೊಡಕು ಬಂದದ್ದು ಹೆಸರುಗಳಲ್ಲಿ. ಹೊಸ ಸಾಫ್ಟ್‌ವೇರಿಗೆ ಪ್ರತಿಯೊಬ್ಬರ ಅಡ್ಡಹೆಸರೂ ಬೇಕೇ ಬೇಕು. ಆ ಜಾಗ ಖಾಲಿಯಿದ್ದರೆ ಕೆಂಪು ಗೆರೆ ಎಳೆದು ನಿಂತುಬಿಡುತ್ತದೆ. ನಮ್ಮ ಹಳೇ ಮೈಸೂರಿನವರು ಅಡ್ಡಹೆಸರನ್ನು ಎಲ್ಲಿಂದ ತರಬೇಕು ಸ್ವಾಮಿ? ನಾನು ಅಪ್ಪನ ಹೆಸರನ್ನು ಅಲ್ಲಿ ತುಂಬಿ ಬಚಾವಾಗಿದ್ದೆ. ವಿಮಾನವನ್ನೇ ಹತ್ತದ ಅಪ್ಪನ ಹೆಸರನ್ನು ಇಲ್ಲಿಯ ಬ್ಯಾಂಕಿನಲ್ಲಿ ಕೂಗುತ್ತಾರೆ, ನಾನು ಎದ್ದು ಹೋಗುತ್ತೇನೆ. ನನ್ನ ಹೆಂಡತಿಯನ್ನಂತೂ ಅವಳ ಮಾವನ ಹೆಸರಿಗೇ ಮಿಸೆಸ್ ಮಾಡಿಬಿಟ್ಟಿದ್ದಾರೆ. ಆದರೆ ಆ ಕ್ಲಿನಿಕ್ಕಿನಲ್ಲಿ ಒಂದೇ ಹೆಸರಿನಲ್ಲಿ ಉಳಿದವರು ಬಹಳ ಜನರಿದ್ದರು. ನಮ್ಮವರು, ಅಫ್ಘನ್ನರು, ಇಂಡೋನೇಷ್ಯಾದವರು. ಮ್ಯಾನೇಜರ್ ಫೋನಿನಲ್ಲೇ ಪರಿಹಾರ ಹೇಳಿದರು. ಖಾಲಿ ಇರುವ ಕಡೆಯೆಲ್ಲ 'ಅನ್‌ನೋನ್' ಎಂದು ತುಂಬು, ಎಲ್ಲ ಕಡೆ ಹಾಗೇ ಮಾಡುವುದು ಎಂದರು.

ಪರೀಕ್ಷೆಗೆಂದು ಆಂಟಿಯನ್ನು ಕೂರಿಸಿ ಹೊಸ ಪರದೆ ತೋರಿಸಿದೆ. ಸೊಂಟದ ದೆಸೆಯಿಂದ ಅವರೂ ಅಲ್ಲಿಯ ರೋಗಿಯೇ, ಹಾಗಾಗಿ ತಮ್ಮ ಹೆಸರನ್ನೇ ಹುಡುಕಿದರು. ಹೆಸರು ಬಂತು, ಪಕ್ಕದಲ್ಲಿ ಅನ್‌ನೋನ್. ಕೆಳಗೆ ಬಿಲ್ಲು: ಡಿಯರ್ ಮಿಸೆಸ್ ಅನ್‌ನೋನ್.

"ಯಾವಳ್ಲಾ ಇವ್ಳು?" ಎಂದರು.

"ಆಂಟಿ, ಸಿಸ್ಟಮ್‌ಗೆ ಸರ್‌ನೇಮ್ ಬೇಕು. ಬರೀ ಫಾರ್ಮಾಲಿಟಿ."

"ಹುಟ್ದಾಗ್ಲಿಂದ ಇದೊಂದೇ ಹೆಸ್ರಲ್ಲಿ ಬದುಕಿವ್ನಿ ಕಣಪ್ಪ. ಪಾಸ್‌ಪೋರ್ಟ್ ಕೊಟ್ರು, ಸಿಟಿಜನ್‌ಶಿಪ್ ಕೊಟ್ರು, ಯಾರೂ ಕಿಮಕ್ ಅನ್ನಲಿಲ್ಲ. ಈಗ ನಿನ್ ಡಬ್ಬಕ್ಕೆ ನಾನ್ಯಾರೋ ಗೊತ್ತಿಲ್ವಾ?"

"ಅಂಕಲ್ ಹೆಸರು ಹಾಕ್ಲಾ?"

"ಅದು ಅವ್ರಿಗೇ ಇರ್ಲಿ. ಅವ್ರೇನು ನನ್ ಹೆಸ್ರು ಹಾಕ್ಕಂಡವ್ರಾ? ಆಗಕ್ಕಿಲ್ಲ."

ಹೊಸದರಲ್ಲಿ ಎಲ್ಲ ಸರಿಯಿದೆ ಎಂದು ಬಿಲ್ಲಿಂಗ್ ಮೇಜಿನವರು ಒಪ್ಪಿದರೆ ಮಾತ್ರ ಹಳೆಯ ಸರ್ವರ್ ಆರಿಸಬಹುದಿತ್ತು. ಅವರು ಕೊಡಲಿಲ್ಲ. ಮರುದಿನ ಮ್ಯಾನೇಜರ್ ವಿಡಿಯೋದಲ್ಲಿ ಬಂದರು, ಕ್ಲಿನಿಕ್ಕಿನ ಒಡೆಯರಾದ, ಈ ದೇಶದವರೇ ಆದ ಡಾಕ್ಟರೂ ಬಂದು ನಿಂತರು. ಒಬ್ಬ ಬಿಲ್ಲಿಂಗ್ ಗುಮಾಸ್ತೆಗಾಗಿ ಇಡೀ ಕೆಲಸ ನಿಲ್ಲಿಸಲಾಗದು, ಅವರಿಗೆ ಒಗ್ಗದಿದ್ದರೆ ಆ ಮೇಜಿಗೆ ಬೇರೆಯವರನ್ನು ನೋಡಬಹುದಲ್ಲ ಎಂದು ಮ್ಯಾನೇಜರ್ ನಯವಾಗಿಯೇ ಹೇಳಿದರು. ಎಷ್ಟು ನಯ!

ಆಂಟಿ ಎದ್ದು, ರೋಗಿಗಳು ಕಾಯುವ ಕೋಣೆಯ ಬಾಗಿಲನ್ನು ಪೂರ್ತಿ ತೆರೆದರು. "ಮಿಸ್ಟರ್ ಅನ್‌ನೋನ್! ಮಿಸೆಸ್ ಅನ್‌ನೋನ್!" ಎಂದು ಗಂಟಲೆತ್ತಿ ಕೂಗಿದರು. ಯಾರೂ ಏಳಲಿಲ್ಲ. ಆಮೇಲೆ ಮೆಲ್ಲಗೆ ಒಂದು ಹೆಸರು ಕರೆದರು, ಬರೀ ಒಂದು. ಮೂಲೆಯಲ್ಲಿದ್ದ ಅಫ್ಘನ್ ಮುದುಕರು ಕೋಲೂರಿ ಎದ್ದು ನಿಂತು ನಕ್ಕರು. ಆಂಟಿ ಪರದೆಯತ್ತ ತಿರುಗಿದರು.

"ದೇ ಆರ್ ನಾಟ್ ಅನ್‌ನೋನ್. ಐ ನೋ ದೆಮ್."

"ಫೇರ್ ಎನಫ್," ಎಂದರು ಡಾಕ್ಟರ್. ಅಷ್ಟೇ ಎಂದು, ಆ ಮುದುಕರನ್ನು ಒಳಗೆ ಕರೆದುಕೊಂಡು ಹೋದರು.

ಮ್ಯಾನೇಜರ ಸಿಟ್ಟು ನನ್ನ ಮೇಲೆ ತಿರುಗಿತು. ಆಕೆಗೆ ಗೊತ್ತಾಗದ ಹಾಗೆ ತುಂಬಿ ಮುಗಿಸು, ಇಲ್ಲದಿದ್ದರೆ ನಿನ್ನ ವೀಸಾ ನೀನು ನೋಡಿಕೋ ಎಂದು ಫೋನಿಟ್ಟರು. ಸ್ಟಾಫ್ ರೂಮಿನಲ್ಲಿ ಆಂಟಿ ನನ್ನ ಮುಖ ನೋಡಿದರು. ಉಪ್ಸಾರಿನ ಡಬ್ಬಿ ನನ್ನ ಕಡೆ ತಳ್ಳಿದರು. "ತಿನ್ನು. ಹೊಟ್ಟೆ ತುಂಬಿದ್ರೆ ಆಗಕ್ಕಿಲ್ಲ ಅನ್ನಕ್ಕೆ ಸಕ್ತಿ ಬತ್ತದೆ."

ತಿಂದೆ. ಫೋನ್ ಮಾಡಿ, "ಆಗಲ್ಲ ಸರ್" ಎಂದೆ. ಮೇಲಿನವರೊಬ್ಬರಿಗೆ ನಾನು ಹೇಳಿದ ಮೊದಲ 'ಆಗಲ್ಲ' ಅದು. ಆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಸಾಫ್ಟ್‌ವೇರ್ ಮಾಡಿದವರ ಬೆನ್ನು ಬಿದ್ದೆ. ಸಾಧ್ಯವೇ ಇಲ್ಲ ಎಂದಿದ್ದವರು, ಹಾಗಾದರೆ ನಿಮ್ಮ ಸಾಫ್ಟ್‌ವೇರೇ ಬೇಡ ಎಂದು ಡಾಕ್ಟರ್ ಹೇಳಿದ ಮೇಲೆ ಆ ನಿಯಮ ಕಿತ್ತುಹಾಕಿದರು. ಒಂದೇ ಹೆಸರಿನವರೆಲ್ಲ ಒಂದೇ ಹೆಸರಿನಲ್ಲಿ ಹೊಸ ಸರ್ವರಿಗೆ ಹೋದರು. ನನ್ನ ಕೆಲಸವೂ ಉಳಿಯಿತು. ಹೋಗಿದ್ದರೂ ಹೋಗಲಿ ಎಂದು ಆ ಹೊತ್ತಿಗೆ ಅನ್ನಿಸಿಬಿಟ್ಟಿತ್ತು. ಹಳೆಯ ಸರ್ವರಿನ ಸ್ವಿಚ್ಚನ್ನು ಆಂಟಿಯೇ ಆರಿಸಿ, "ಹೋಗ್ ಬಾರಪ್ಪ, ದುಡ್ದಿದ್ದು ಸಾಕು" ಎಂದು ಅದರ ತಲೆ ಸವರಿದರು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಈ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಅಂಕಲ್ ಮನೆಬಿಟ್ಟು ಹೊರಡುವ ಸ್ಥಿತಿಯಲ್ಲಿರಲಿಲ್ಲ, ಆದ್ದರಿಂದ ಅಂತ್ಯಸಂಸ್ಕಾರದ ಕಚೇರಿಗೆ ಅವರ ಮಗಳ ಜೊತೆ ನಾನು ಹೋದೆ. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಒಂದು ಕನ್ನಡ ವಾಕ್ಯವನ್ನು ನಾನು ಕೇಳಿರಲಿಲ್ಲ.

ಕಚೇರಿಯ ಹೆಂಗಸು ಒಳ್ಳೆಯವಳು, ಟೀ ಕೊಟ್ಟಳು. ಮರಣ ನೋಂದಣಿಗೆ ಅಡ್ಡಹೆಸರು ಕೇಳಿದಳು. ಇಲ್ಲ ಎಂದೆ. ಕಂಪ್ಯೂಟರ್ ಮುಂದೆ ಹೋಗಲು ಬಿಡುತ್ತಿಲ್ಲ, ಸದ್ಯಕ್ಕೆ ಅನ್‌ನೋನ್ ಎಂದು ಹಾಕಲೇ ಎಂದು ಮೆತ್ತಗೆ ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ನನ್ನತ್ತ ತಿರುಗಿದಳು.

"ಆಗಕ್ಕಿಲ್ಲ ಅನ್ನಿ, ಅಂಕಲ್."

ಅಂದೆ. ಆ ಹೆಂಗಸು ಯಾರ್ಯಾರಿಗೋ ಫೋನ್ ಮಾಡಿದಳು. ನಾವು ಕುರ್ಚಿ ಬಿಟ್ಟು ಏಳಲಿಲ್ಲ. ಟೀ ಆರಿತು. ಕೊನೆಗೆ ಯಾರೋ, ಎಲ್ಲೋ, ಒಪ್ಪಿದರು. ಹೆಸರನ್ನು ನೀವೇ ಟೈಪ್ ಮಾಡಿ, ನನ್ನಿಂದ ತಪ್ಪಾಗುವುದು ಬೇಡ ಎಂದು ಅವಳು ಕೀಬೋರ್ಡನ್ನು ನಮ್ಮ ಕಡೆ ತಿರುಗಿಸಿದಳು. ಮಗಳು ಅಮ್ಮನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೊಡೆದಳು. ಪಕ್ಕದ ಜಾಗವನ್ನು ಖಾಲಿ ಬಿಟ್ಟಳು. ಆಮೇಲೆ ಬಲಗೈ ಮುಷ್ಟಿ ಬಿಗಿದು, ಎಂಟರ್ ಗುದ್ದಿದಳು.