ತಟ್ಟಿದರೆ ಬಿಡಬೇಕು

ಕಾಲೇಜಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಅಡುಗೆಯವನವರೆಗೆ ಎಲ್ಲರ ಬಾಯಲ್ಲೂ ಅವಳು ಗುದ್ದು ಮೇಡಂ. ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸುವುದು ಕೆಲಸ. ಜಿಮ್ಮಿನ ಹಿಂದೊಂದು ಉದ್ದನೆಯ ಕೋಣೆ, ನೆಲಕ್ಕೆ ನೀಲಿ ಮ್ಯಾಟು, ಒಂದು ಗೋಡೆ ತುಂಬ ಕನ್ನಡಿ, ಬೆವರಿನ ವಾಸನೆ. ಅದೇ ಅವಳ ಸಂಸಾರ. ಸ್ವಂತ ಮಕ್ಕಳಿಲ್ಲ. ಅಕ್ಕನ ಮಗಳನ್ನೇ ಎತ್ತಿ ಆಡಿಸಿ, ಹಟ ಮಾಡಿ ಅದೇ ಕಾಲೇಜಿಗೆ ಸೇರಿಸಿ, ಅದೇ ಮ್ಯಾಟಿನ ಮೇಲೆ ಕೆಡವಿ ಕೆಡವಿ ತಯಾರು ಮಾಡಿದ್ದಳು.

ಆ ಕೋಣೆಗೊಂದು ಕಟ್ಟಳೆ ಇತ್ತು. ಹಿಡಿತಕ್ಕೆ ಸಿಕ್ಕವಳು ಅಂಗೈಯಿಂದ ಪಟಪಟನೆ ತಟ್ಟಿದರೆ ಹಿಡಿದವಳು ತಕ್ಷಣ ಬಿಡಬೇಕು, ಎದ್ದು ಎದುರಿಗೆ ನಿಲ್ಲಬೇಕು. ಬಿಡದಿದ್ದರೆ ಮೂಳೆ ಮುರಿದೀತು. ಒಳ್ಳೆಯ ಕಟ್ಟಳೆಯೇ, ಅದಿಲ್ಲದೆ ಆ ವಿದ್ಯೆ ಕಲಿಸಲು ಆಗುವುದಿಲ್ಲ.

ಒಂದು ಮಧ್ಯಾಹ್ನ ಲೈಬ್ರರಿಯ ಹಿಂಬದಿಯ ಮೆಟ್ಟಿಲಲ್ಲಿ ಒಬ್ಬ ಹುಡುಗ ಈ ಅಕ್ಕನ ಮಗಳ ಜಡೆಗೆ ಕೈ ಹಾಕಿದ. ವಾರಗಟ್ಟಲೆ ಬೆನ್ನು ಬಿದ್ದಿದ್ದ ಹಾಳಾದವನು. ಬೇಡ ಅಂದದ್ದು ಅವನ ತಲೆಗೆ ಹೋಗಿರಲಿಲ್ಲ. ಹುಡುಗಿ ಮೊಣಕೈಯಿಂದ ಪಕ್ಕೆಗೆ ತಿವಿದಳು, ಕೈ ತಿರುಚಿ ಬೋರಲು ಕೆಡವಿದಳು, ಬೆನ್ನಿನ ಮೇಲೆ ಮಂಡಿಯೂರಿದಳು. ಭೇಷ್! ಅವನು ನೋವಿಗೆ ಒದ್ದಾಡುತ್ತ ಮೆಟ್ಟಿಲಿಗೆ ಪಟಪಟನೆ ಕೈ ಬಡಿದ. ಅವಳು ಬಿಟ್ಟುಬಿಟ್ಟಳು! ಬಿಟ್ಟು, ಎದ್ದು, ಎದುರಿಗೆ ನಿಂತಳು. ಅಯ್ಯೋ ಹುಚ್ಚು ಹುಡುಗಿ, ಅದೇನು ಕ್ಲಾಸೇ? ಮೈಗೆ ಹತ್ತಿದ ಅಭ್ಯಾಸ ಅವಳನ್ನು ಕೇಳದೆಯೇ ಕೈ ಸಡಿಲಿಸಿತ್ತು. ಅವನು ಎದ್ದವನೇ ಅವಳ ತಲೆಯನ್ನು ಗೋಡೆಗೆ ಚಚ್ಚಿದ. ಹುಬ್ಬು ಸೀಳಿತು. ಮತ್ತೆ ಚಚ್ಚಿದ. ಹಲ್ಲೊಂದು ಉದುರಿತು. ಮೇಲಿಂದ ಇಳಿದು ಬಂದ ಹುಡುಗಿಯರು ಕಿರುಚಿಕೊಂಡಿದ್ದರಿಂದ ಜೀವ ಉಳಿಯಿತು. ಅವನನ್ನು ಪೊಲೀಸರು ಎಳೆದುಕೊಂಡು ಹೋದರು.

ಹೊಲಿಗೆ ಹಾಕಿದ ಗಾಯ ಒಣಗಿದರೂ ಅಕ್ಕನ ಸಿಟ್ಟು ಇಳಿಯಲಿಲ್ಲ. "ಓದಿದ್ದು ಸಾಕು, ಕಾಲೇಜು ಬಿಡಿಸ್ತೀನಿ. ನಿನ್ನ ವಿದ್ಯೆ ನಂಬ್ಕೊಂಡು ನನ್ನ ಮಗಳ ಮುಖ ಒಡೆಸ್ಕೊಂಡೆ ಕಣೆ." ಹುಡುಗಿಗೆ ಓದುವ ಆಸೆ ಬೆಟ್ಟದಷ್ಟಿತ್ತು. ಆದರೆ ಮೆಟ್ಟಿಲು ಅಂದರೆ ಸಾಕು, ಅಮ್ಮನ ಸೆರಗು ಹಿಡಿದು ನಿಂತುಬಿಡುತ್ತಿದ್ದಳು.

ಗುದ್ದು ಮೇಡಂ ಅಕ್ಕನ ಕಾಲು ಹಿಡಿಯುವುದೊಂದೇ ಬಾಕಿ. "ಒಂದು ಸಲ ಇಬ್ರೂ ನನ್ನ ಕ್ಲಾಸಿಗೆ ಬನ್ನಿ. ಆಮೇಲೆ ನಿನ್ನಿಷ್ಟ," ಎಂದು ಒಪ್ಪಿಸಿದಳು.

ಬಂದರು. ಅಕ್ಕ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತಳು.

"ಇವತ್ತು ಕಟ್ಟಳೆ ಗಿಟ್ಟಳೆ ಏನೂ ಇಲ್ಲ," ಗುದ್ದು ಮೇಡಂ ಹುಡುಗಿಗೆ ಹೇಳಿದಳು. "ನಾನು ತಟ್ಟಲಿ, ಅಳಲಿ, ಸಾಯಲಿ, ನಿಲ್ಲಬೇಡ. ಬಿಡಿಸ್ಕೊಂಡು ಕಿರುಚ್ತಾ ಜನ ಇರೋ ಕಡೆ ಓಡು. ಗೆಲ್ಲೋದು ಬೇಡ ನಿನಗೆ, ಗೊತ್ತಾಯ್ತಾ?"

ಮೇಡಂ ಅವಳ ಜಡೆ ಹಿಡಿದು ಎಳೆದಳು. ಹುಡುಗಿ ಕೈ ತಿರುಚಿದಳು. ಮೇಡಂ ತಟ್ಟಿದಳು. ಹುಡುಗಿ ಬಿಟ್ಟು, ಎದುರಿಗೆ ನಿಂತಳು. ಕಪಾಳಕ್ಕೆ ಬಿತ್ತು ಒಂದು. ಮೇಡಂ ಮತ್ತೆ ಜಡೆ ಹಿಡಿದಳು, ಹುಡುಗಿ ಕೈ ತಿರುಚಿದೊಡನೆ ತಟ್ಟಿದಳು. ಹುಡುಗಿ ಮತ್ತೆ ಬಿಟ್ಟಳು. ಮೇಡಂ ಅವಳನ್ನು ಗೋಡೆಗೆ ನೂಕಿದಳು.

"ಅಯ್ಯೋ ಪಾಪಿ, ಬಿಡೇ ಅವಳನ್ನ!" ಅಕ್ಕ ಎದ್ದು ನಿಂತಳು.

"ಚಿಕ್ಕಮ್ಮಾ, ಸಾಕು," ಹುಡುಗಿ ಬಿಕ್ಕಿದಳು.

"ಇಲ್ಲಿ ಯಾವ ಚಿಕ್ಕಮ್ಮಾನೂ ಇಲ್ಲ!" ಗುದ್ದು ಮೇಡಂ ಅವಳ ಕತ್ತಿಗೆ ಕೈ ಹಾಕಿ ಅಮುಕಿದಳು.

ಆಗ ಹುಡುಗಿಯ ಮುಖ ಬದಲಾಯಿತು. ಕತ್ತಿನ ಮೇಲಿದ್ದ ಕಿರುಬೆರಳು ಹಿಡಿದು ಹಿಂದಕ್ಕೆ ಮುರಿದಳು. ಲಟಕ್ಕೆಂದಿತು. ಮೇಡಂ ಈ ಸಲ ನಿಜವಾದ ನೋವಿಗೇ ತಟ್ಟಿದಳು. ಹುಡುಗಿ ಬಿಡಲಿಲ್ಲ. ಮೊಣಕೈ ಎತ್ತಿ ಮೂಗಿಗೆ ಒಂದು ಕೊಟ್ಟಳು, ಅಮ್ಮನನ್ನು ತಳ್ಳಿಕೊಂಡು ಬಾಗಿಲು ದಾಟಿದಳು, "ಕಾಪಾಡಿ! ಕಾಪಾಡಿ!" ಎಂದು ಕಾರಿಡಾರು ನಡುಗುವಂತೆ ಕಿರುಚುತ್ತ ಓಡಿದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಕ್ಯಾಂಟೀನಿಗೆ ಕ್ಯಾಂಟೀನೇ ಎದ್ದು ಬಂತು. ಮುಂದೆ ಸೌಟು ಹಿಡಿದ ಅಡುಗೆಯವನು. "ಎಲ್ಲಿ ಆ ನನ್ಮಗ?"

"ನಾನೇ ಕಣಪ್ಪಾ," ಅಂದಳು ಮ್ಯಾಟಿನ ಮೇಲೆ ಕುಸಿದು ಕೂತಿದ್ದ ಗುದ್ದು ಮೇಡಂ. ಮೂಗಿನಿಂದ ರಕ್ತ ದಳದಳ ಇಳಿಯುತ್ತಿತ್ತು, ಆದರೂ ನಗುತ್ತಿದ್ದಳು.

ಅಕ್ಕ ಮಂಡಿಯೂರಿ ಕರ್ಚೀಫಿನಿಂದ ತಂಗಿಯ ಮೂಗು ಒತ್ತಿ ಹಿಡಿದಳು. ಬೇಕೆಂದೇ ಗಟ್ಟಿಯಾಗಿ ಒತ್ತಿದಳು. "ನಾಳೆಯಿಂದ ಅವಳನ್ನ ಕಾಲೇಜಿಗೆ ಕಳಿಸ್ತೀನಿ," ಅಂದಳು. "ನೀನು ಮಾತ್ರ ಇನ್ಮೇಲೆ ನಮ್ಮನೆ ಬಾಗಿಲು ತುಳೀಬೇಡ."

ಅಕ್ಕ ಆಡಿದ ಮಾತು ತಪ್ಪುವವಳಲ್ಲ ಎಂದು ತಂಗಿಗೆ ಚೆನ್ನಾಗಿ ಗೊತ್ತಿತ್ತು.

"ಆಯ್ತಕ್ಕಾ," ಅಂದಳು.